ಇಬ್ಬರು ಎತ್ತುವ ಬಾನೆಟ್ಟು

"ಮನೇಲಿ ನಿಮ್ಮ ಜೊತೆ ಇನ್ನೊಬ್ರು ಯಾರಾದ್ರೂ ಇದ್ದಾರಾ ಮೇಡಂ?"

ಓಡೆಲ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಹೆಸರು ಕೇಳಿರಲಿಲ್ಲ, ಊರು ಕೇಳಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಇದ್ರೆ ಏನು, ಇಲ್ದಿದ್ರೆ ನಿಮಗೇನು? ನಾನು ಬಂದಿರೋದು ಕಾರಿಗೆ ಬಾನೆಟ್ ತಗೊಳ್ಳೋಕೆ."

"ಬಾನೆಟ್ಟಿಗೋಸ್ಕರಾನೇ ಕೇಳಿದ್ದು," ಎಂದು ಅವನು ಕಿವಿಯವರೆಗೂ ಕೆಂಪಾದ. ತನ್ನ ಶೆಡ್ಡಿನ ಗೋಡೆಗೆ ಎರಡು ಫೈಬರ್ ಬಾನೆಟ್ಟುಗಳನ್ನು ಒರಗಿಸಿಟ್ಟಿದ್ದ. "ಇದಕ್ಕೆ ಕೀಲು ಕೂರಿಸಬಹುದು. ಸ್ವಲ್ಪ ಭಾರ, ಆದ್ರೆ ಒಬ್ರೇ ಎತ್ತಬಹುದು. ಅದು ಹಗುರ, ನೋಡೋಕೂ ಚೆಂದ. ಆದ್ರೆ ಕೀಲಿಲ್ಲ. ನಾಲ್ಕು ಮೂಲೇಲಿ ನಾಲ್ಕು ಪಿನ್ನು, ಅಷ್ಟೆ. ತೆಗೀಬೇಕಂದ್ರೆ ಆ ಕಡೆ ಒಬ್ರು, ಈ ಕಡೆ ಒಬ್ರು ಬೇಕು. ಒಬ್ರೇ ಎತ್ತೋಕೆ ಹೋದ್ರೆ ಗಾಳಿ ಎಳೆದುಬಿಡುತ್ತೆ, ಮೂಲೆ ಬಿರುಕು ಬಿಡುತ್ತೆ."

"ನಾನೊಬ್ಳೇ ಇರೋದು," ಎಂದೆ. "ಹನ್ನೊಂದು ವರ್ಷದಿಂದ."

"ಹಾಗಾದ್ರೆ ಕೀಲಿಂದೇ ನಿಮಗೆ ಸರಿ ಮೇಡಂ."

ಅವನ ದನಿಯಲ್ಲಿ ಕನಿಕರವೂ ಇರಲಿಲ್ಲ, ಕುತೂಹಲವೂ ಇರಲಿಲ್ಲ. ಅದೂ ನನಗೆ ಸಿಟ್ಟು ತರಿಸಿತು. ಒಟ್ಟಿನಲ್ಲಿ ಅವತ್ತು ಅವನು ಏನಂದಿದ್ದರೂ ನಾನು ಸಿಟ್ಟಾಗುತ್ತಿದ್ದೆ.

ಯಾಕೆಂದರೆ ತಪ್ಪು ನನ್ನದೇ ಆಗಿತ್ತು. ನಮ್ಮ ಮಿನ್ನೆಸೋಟದಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಏಪ್ರಿಲ್ಲಿನ ಮಳೆ ಅದನ್ನು ತೊಳೆಯುವವರೆಗೂ ಹಳೆಯ ಕಾರುಗಳನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ನನ್ನದು ಎಪ್ಪತ್ತನೇ ಇಸವಿಯ ಡಾಡ್ಜ್ ಡಾರ್ಟ್, ಕಿತ್ತಳೆ ಬಣ್ಣ. ಡೈವೋರ್ಸ್ ಆದ ವರ್ಷ ತುಕ್ಕು ಹಿಡಿದದ್ದನ್ನು ತಂದು, ಪುಸ್ತಕ ನೋಡಿಕೊಂಡು ನಾನೇ ಎಂಜಿನ್ ಕಟ್ಟಿದ್ದೆ. ಆ ವರ್ಷದ ಮೊದಲ ಭಾನುವಾರ ಎಣ್ಣೆ ನೋಡಿ, ಬಾನೆಟ್ಟನ್ನು ಪೂರ್ತಿ ಒತ್ತದೆ ಹೊರಟುಬಿಟ್ಟೆ. ಅರವತ್ತು ಮೈಲಿ ವೇಗದಲ್ಲಿ ಅದು ಎದ್ದು ಗಾಜಿಗೆ ಬಡಿಯಿತು. ಬದುಕಿ ಬಂದದ್ದಕ್ಕಂತೂ ದೇವರಿಗೆ ಥ್ಯಾಂಕ್ಸ್ ಹೇಳಿಯಾಯಿತು. ಆ ಬಾನೆಟ್ ಹಾರಿದ್ದಕ್ಕೂ ಥ್ಯಾಂಕ್ಸ್ ಹೇಳಬೇಕೆಂದು ತಿಳಿಯಲು ಇನ್ನೂ ಒಂದು ತಿಂಗಳು ಹಿಡಿಯಿತು.

ಓಡೆಲ್ ವಿಷಯ ಹೇಳಿದ್ದು ವರ್ನಾ. ನಾನು ಓಡಿಸುವುದು ಸ್ಕೂಲ್ ಬಸ್ಸು, ವರ್ನಾ ನಮ್ಮ ಡಿಪೋದ ಹಿರಿಯ ಡ್ರೈವರ್. ದಕ್ಷಿಣದ ಅರ್ಕಾನ್ಸಾ ರಾಜ್ಯದ ಕಡೆಯಿಂದ ಬಂದ ಒಬ್ಬ ಕೆರೆಯ ದಂಡೆಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುತ್ತಾನೆ, ಕಾರಿನ ಬಾನೆಟ್ಟುಗಳನ್ನೂ ಅಚ್ಚು ಹೊಯ್ಯುತ್ತಾನೆ ಎಂದಿದ್ದಳು. ನೋಡಲು ಚೆನ್ನಾಗಿದ್ದಾನೆ ಎಂದೂ ಸೇರಿಸಿದ್ದಳು. ಅದನ್ನು ನಾನು ಕೇಳಿಸಿಕೊಂಡಿರಲಿಲ್ಲ ಎಂದು ಅವಳ ಮುಂದೆ ಇವತ್ತಿಗೂ ವಾದಿಸುತ್ತೇನೆ.

ಫೈಬರ್ ಬಾನೆಟ್ಟನ್ನು ತಂದ ಹಾಗೇ ಕೂರಿಸಲು ಆಗುವುದಿಲ್ಲ. ಇಟ್ಟು ನೋಡಬೇಕು, ತೆಗೆದು ಅಂಚು ಉಜ್ಜಬೇಕು, ಮತ್ತೆ ಇಟ್ಟು ನೋಡಬೇಕು. "ಎರಡನ್ನೂ ಇಟ್ಟು ನೋಡಿ, ಆಮೇಲೆ ಆರಿಸಿ," ಎಂದಿದ್ದ ಓಡೆಲ್. ಹೀಗಾಗಿ ಮಕ್ಕಳನ್ನು ಮನೆಗಳಿಗೆ ಬಿಟ್ಟು ದಿನವೂ ನಾಲ್ಕು ಗಂಟೆಗೆ ಅವನ ಶೆಡ್ಡಿಗೆ ಹೋಗತೊಡಗಿದೆ.

ಮೊದಲ ದಿನವೇ ಗಡಿಬಿಡಿಯಾಯಿತು. ಅವನು ಒಂದು, ಎರಡು ಎಂದು ಎಣಿಸುತ್ತಿದ್ದಂತೆ ನಾನು ಎತ್ತಿಬಿಟ್ಟೆ.

"ಮೂರಕ್ಕೆ ಎತ್ತಬೇಕು ಮೇಡಂ."

"ಬಸ್ ಡ್ರೈವರ್ ನಾನು. ಮೂರರ ತನಕ ಯಾರಿಗೂ ಕಾಯಲ್ಲ."

ಅವನು ನಕ್ಕ. ನಕ್ಕಾಗ ಹುಬ್ಬಿನ ಮೇಲಿದ್ದ ಬಿಳಿ ಪುಡಿ ಉದುರಿತು. ಬಾನೆಟ್ ಹಿಡಿದವರು ಅಂಚನ್ನು ನೋಡಬೇಕು, ನಾನು ಆ ಹುಬ್ಬನ್ನು ನೋಡುತ್ತಿದ್ದೆ. ಅವನು ಬಗ್ಗಿ, ಒಂದು ಕಣ್ಣು ಮುಚ್ಚಿ, ಬಾನೆಟ್ಟಿನ ಗೆರೆ ಅಳೆಯುತ್ತಿದ್ದ. ತೆರೆದ ಇನ್ನೊಂದು ಕಣ್ಣು ಗೆರೆಯ ಮೇಲೆ ಸಾಗಿ ಬಂದು, ತುದಿಯಲ್ಲಿ ನಿಂತಿದ್ದ ನನ್ನ ಮೇಲೆ ಒಂದು ಕ್ಷಣ ನಿಂತು, ಏನೂ ಆಗಿಲ್ಲವೆಂಬಂತೆ ವಾಪಸು ಹೋಗುತ್ತಿತ್ತು.

"ನಿಮ್ಮ ಕಡೆ ಸಂದು ಹೇಗಿದೆ?"

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತಾನಾ, ಕೆಟ್ಟಿದೆ ಅಂತಾನಾ?"

"ಪರವಾಗಿಲ್ಲ ಅಂದ್ರೆ ಪರವಾಗಿಲ್ಲ."

"ಎರಡು ವರ್ಷ ಆಯ್ತು ಇಲ್ಲಿಗೆ ಬಂದು. ನಿಮ್ಮೂರೋರ ಮಾತು ಇನ್ನೂ ಅರ್ಥ ಆಗಿಲ್ಲ ಮೇಡಂ."

ಫೈಬರ್ ಪುಡಿಗೆ ಕೈ ತುರಿಸುತ್ತದೆಂದು ತನ್ನದೊಂದು ತುಂಬುತೋಳಿನ ಅಂಗಿ ಕೊಟ್ಟ. ವಾರಕ್ಕೊಮ್ಮೆ ಒಗೆದು ತರುತ್ತಿದ್ದೆ. ಒಗೆಯಲು ಮನಸ್ಸು ಬಾರದೆ ಒಂದು ವಾರ ಹಾಗೇ ಇಟ್ಟುಕೊಂಡೆ. ನಲವತ್ತೊಂದು ವರ್ಷದ ಹೆಂಗಸು ಅಂಗಿಯೊಂದನ್ನು ಮೂಗಿಗೆ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಳೆಂದರೆ ಯಾರಾದರೂ ನಗುತ್ತಾರೆ. ನನಗೂ ನಗು ಬಂದಿತ್ತು, ಜೊತೆಗೆ ಹೆದರಿಕೆಯೂ ಆಗಿತ್ತು.

ಮೂರನೆಯ ವಾರ, ಒಂದು ಗುರುವಾರ, ಅಂಚು ಉಜ್ಜುತ್ತಲೇ ಅವನು ಕೇಳಿದ, "ಶನಿವಾರ ಮೀನು ಕರೀತೀನಿ. ಊಟಕ್ಕೆ ಬರ್ತೀರಾ?"

"ಅಯ್ಯೋ ಬೇಡಿ. ನಿಮಗ್ಯಾಕೆ ಸುಮ್ನೆ ತೊಂದರೆ," ಎಂದೆ.

ಹಾಗೆನ್ನುವಾಗ ನನ್ನೆದೆ ಕುಣಿಯುತ್ತಿತ್ತು. ನಮ್ಮ ಕಡೆ ಯಾರು ಏನು ಕೊಡುತ್ತೇನೆಂದರೂ ಮೊದಲು ಬೇಡ ಎನ್ನಬೇಕು. ಅವರು ಮತ್ತೆ ಕೇಳುತ್ತಾರೆ, ಮತ್ತೆ ಬೇಡ ಎನ್ನಬೇಕು. ಮೂರನೆಯ ಸಲಕ್ಕೆ, ಅಷ್ಟು ಹೇಳುತ್ತೀರಿ ಅಂದಮೇಲೆ ಆಗಲಿ ಎಂದು ಒಪ್ಪಿಕೊಳ್ಳಬೇಕು. ಒಂದು ಲೋಟ ಕಾಫಿಗೂ ಇದೇ ಶಾಸ್ತ್ರ. ಒಂದೇ ಸಲಕ್ಕೆ ಹೂಂ ಎಂದರೆ ಆಸೆಬುರುಕಿ ಅನ್ನುತ್ತಾರೆ.

"ಸರಿ ಮೇಡಂ," ಎಂದ ಓಡೆಲ್, ಮತ್ತೆ ಉಜ್ಜತೊಡಗಿದ.

ನಾನು ಕಾದೆ. ಅವನು ಎರಡನೆಯ ಸಲ ಕೇಳಲಿಲ್ಲ. ಶುಕ್ರವಾರವೂ ಕೇಳಲಿಲ್ಲ. ಶನಿವಾರ ತಲೆಸ್ನಾನ ಮಾಡಿ, ನೀಲಿ ಬ್ಲೌಸು ತೊಟ್ಟು, ಫೋನಿನ ಪಕ್ಕದಲ್ಲೇ ಕುಳಿತಿದ್ದೆ. ಅದು ಬಡಿದುಕೊಳ್ಳಲೇ ಇಲ್ಲ.

ಸೋಮವಾರ ಹೋದಾಗ ಅವನು ಮುಖ ಎತ್ತದೆ ಮಾತಾಡಿದ. "ಕೆಲಸ ಮುಗಿಯೋಕೆ ಬಂತು. ಯಾವುದು ಅಂತ ಶುಕ್ರವಾರ ಹೇಳ್ಬಿಡಿ. ಬಣ್ಣ ಹಾಕಿ ಕೊಟ್ಟುಬಿಡ್ತೀನಿ." ಕೊಟ್ಟಮೇಲೆ ಆ ಶೆಡ್ಡಿಗೆ ಹೋಗಲು ನನಗೆ ಯಾವ ನೆಪವೂ ಉಳಿಯುತ್ತಿರಲಿಲ್ಲ. ಕೀಲಿನ ಬಾನೆಟ್ ಹಾಕಿಕೊಂಡು, ಒಬ್ಬಳೇ ಎತ್ತಿ, ಒಬ್ಬಳೇ ಇಳಿಸಿಕೊಂಡು ಇರುವುದು.

ಗುರುವಾರ ಡಿಪೋದಲ್ಲಿ ವರ್ನಾ ನನ್ನ ಮುಖ ನೋಡಿದಳು. "ಏನಾಯ್ತು ಹೇಳು. ಬಸ್ಸಿಗೇನಾದ್ರೂ ಗುದ್ದಿದ್ಯಾ?"

"ಊಟಕ್ಕೆ ಕರೆದ. ಬೇಡ ಅಂದೆ."

"ಎಷ್ಟು ಸಲ?"

"ಒಂದೇ ಸಲ. ಎರಡನೇ ಸಲ ಕೇಳಲೇ ಇಲ್ಲ ಅವನು."

ವರ್ನಾ ಕಾಫಿ ಲೋಟ ಕೆಳಗಿಟ್ಟಳು. "ಮಾರಾಯ್ತಿ, ಅವನು ನಮ್ಮ ಕಡೆಯವನಲ್ಲ ಕಣೇ. ಭಾನುವಾರ ಚರ್ಚಿನಲ್ಲಿ ಸಿಕ್ಕಿದ್ದ, ಸಂಕಟ ಹೇಳ್ಕೊಂಡ. ಹೆಂಗಸು ಬೇಡ ಅಂದ್ರೆ ಬೇಡ ಅಂತಲೇ ಅರ್ಥ, ಇನ್ನೊಂದ್ಸಲ ಕೇಳಿ ಪೀಡಿಸಬಾರದು ಅಂತ ಅವರಮ್ಮ ಹೇಳಿಕೊಟ್ಟಿದ್ದಾರಂತೆ. ಆರು ಜನಕ್ಕಾಗೋಷ್ಟು ಮೀನು ತಂದಿದ್ದನಂತೆ. ಪಕ್ಕದ ಮನೆ ಬೆಕ್ಕಿಗೆ ಹಬ್ಬ."

"ನೀನು ಅವನಿಗೆ ಹೇಳಬಾರದಿತ್ತಾ, ನಮ್ಮ ಕಡೆ ಹೀಗೆ ಅಂತ?"

"ನಾನ್ಯಾಕೆ ಹೇಳಲಿ? ಬೇಕಾಗಿರೋದು ನಿನಗೆ. ಬೇಕು ಅನ್ನೋದಕ್ಕೆ ಬಾಯಿ ಇಲ್ವಾ?"

ಬಾಯಿ ಇತ್ತು, ರೂಢಿ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಏಣಿ ಹಿಡಿದುಕೊಳ್ಳಿ ಎಂದು ಪಕ್ಕದ ಮನೆಯವರನ್ನೂ ಕೇಳಿದವಳಲ್ಲ ನಾನು. ಯಾರನ್ನೂ ಕೇಳದಿದ್ದರೆ ಯಾರೂ ಬಿಟ್ಟುಹೋಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಶುಕ್ರವಾರ ಮಕ್ಕಳೆಲ್ಲ ಇಳಿದ ಮೇಲೆ ಖಾಲಿ ಬಸ್ಸಿನ ಕನ್ನಡಿ ನೋಡಿಕೊಂಡು ಅವನನ್ನು ಕೇಳುವುದನ್ನು ಅಭ್ಯಾಸ ಮಾಡಿದೆ. ಅವನು ಬೇಡ ಎಂದರೂ ಬಿಡಬಾರದು, ಮೂರು ಸಲ ಕೇಳಿಯೇ ತೀರಬೇಕು ಎಂದು ನಿರ್ಧರಿಸಿಕೊಂಡೆ.

ಶೆಡ್ಡಿನಲ್ಲಿ ಓಡೆಲ್ ಕೀಲಿನ ಬಾನೆಟ್ಟನ್ನು ಬಣ್ಣಕ್ಕೆ ಸಿದ್ಧಮಾಡಿ ಸ್ಟ್ಯಾಂಡಿನ ಮೇಲೆ ಇಟ್ಟಿದ್ದ.

"ಇದೇ ತಾನೆ ಮೇಡಂ?"

"ಅಲ್ಲ. ಅದು," ಎಂದು ಗೋಡೆಯ ಕಡೆ ತೋರಿಸಿದೆ.

"ಅದಕ್ಕೆ ಇಬ್ರು ಬೇಕು."

"ಗೊತ್ತು."

"ನೀವೊಬ್ರೇ ಅಂದಿದ್ರಿ."

"ಅಂದಿದ್ದೆ." ಬಸ್ಸಿನಲ್ಲಿ ಅಷ್ಟು ಚೆನ್ನಾಗಿ ಬಂದಿದ್ದ ಮಾತು ಇಲ್ಲಿ ತುಂಡುತುಂಡಾಗಿ ಹೊರಬಂತು. "ಆ ಕಡೆ ನೀವು ಹಿಡ್ಕೋತೀರಾ ಓಡೆಲ್? ಇವತ್ತು ಒಂದು ದಿನ ಅಲ್ಲ. ಎಣ್ಣೆ ನೋಡೋವಾಗೆಲ್ಲ. ಬೇಸಿಗೆ ಪೂರ್ತಿ. ಕಾರು ಒಳಗಿಟ್ಟ ಮೇಲೆ, ಚಳಿಗಾಲದಲ್ಲೂ. ಊಟಕ್ಕೆ ಕರೆದಾಗ ಬೇಡ ಅಂದೆನಲ್ಲ, ಅದು ಬರ್ತೀನಿ ಅಂತ. ನಮ್ಮ ಕಡೆ ಹಾಗೇ. ನನಗೆ ನೀವು ಬೇಕು."

ನೆಲ ನೋಡುತ್ತ ನಿಂತೆ. ಈಗ ಬೇಡ ಎನ್ನುತ್ತಾನೆ, ಇನ್ನೊಂದು ಸಲ ಕೇಳಬೇಕು ಎಂದು ಉಸಿರು ಕೂಡಿಸಿಕೊಳ್ಳುತ್ತಿದ್ದೆ.

"ಹಿಡ್ಕೋತೀನಿ," ಎಂದ.

"ಏನಂದ್ರಿ?"

"ಹಿಡ್ಕೋತೀನಿ ಅಂದೆ. ಆ ಕಡೆ ನಾನೇ."

"ಇಷ್ಟು ಬೇಗ ಒಪ್ಪಬಾರದು. ಇನ್ನೂ ಎರಡು ಸಲ ಕೇಳೋದಿತ್ತು. ಅಭ್ಯಾಸ ಮಾಡ್ಕೊಂಡು ಬಂದಿದ್ದೀನಿ."

"ಹಾಗಾದ್ರೆ ಕೇಳಿ. ಕೇಳಿದಷ್ಟು ಸಲಾನೂ ಹೂಂ ಅಂತೀನಿ."

ಎರಡನೆಯ ಸಲ ಕೇಳಿದೆ. ಮೂರನೆಯ ಸಲ ಕೇಳುವಷ್ಟರಲ್ಲಿ ಅವನು ಕಾರನ್ನು ಸುತ್ತಿಕೊಂಡು ನನ್ನ ಬದಿಗೇ ಬಂದಿದ್ದ. ಅಂಗೈಯನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿಕೊಂಡು ನನ್ನ ಕೈ ಹಿಡಿದ. ಆ ಕೈ ಒರಟಾಗಿತ್ತು, ಬೆಚ್ಚಗಿತ್ತು.

"ಥ್ಯಾಂಕ್ಸ್," ಎಂದೆ.

"ಯಾಕೆ ಮೇಡಂ?"

"ಬ್ರಿಟಾ ಅಂತ ಕರಿ."

"ಯಾಕೆ ಬ್ರಿಟಾ?"

ಕಾರಣ ಹೇಳಲು ಹೋಗಿ ಅಳು ಬಂತು. ಅವನು ಅವಸರ ಮಾಡಲಿಲ್ಲ, ಕೈಯನ್ನೂ ಬಿಡಲಿಲ್ಲ. ಹನ್ನೊಂದು ವರ್ಷ ಯಾರಿಗೂ ಹೇಳುವ ಸಂದರ್ಭವೇ ಬರದಂತೆ ನೋಡಿಕೊಂಡಿದ್ದ ಆ ಥ್ಯಾಂಕ್ಸ್ ಎಂಬ ಮಾತನ್ನು ಅವತ್ತು ಅವನಿಗೆ ಎಷ್ಟು ಸಲ ಹೇಳಿದೆನೋ ನನಗೇ ನೆನಪಿಲ್ಲ.