ತೃಪ್ತಿ ಕೊಟ್ಟ ಲಿಂಕ್

"ಈ ಮಷಿನ್ ಭಾಳ ಚಲೋ ಐತಿ ಅಂದವರು ನೀವ ಅಲ್ರಿ?"

ಹೊಲಿಗೆ ಯಂತ್ರ ಹೊತ್ತು ಮನೆ ಬಾಗಿಲಲ್ಲಿ ನಿಂತವನನ್ನು ಕಂಡು ತೃಪ್ತಿ ಗಾಬರಿಯಾದಳು. ಹೊಲಿಗೆ ಕಲಿಯಲು ಬಂದಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ಶೇಡಬಾಳದ ತೃಪ್ತಿ ಹೊಲಿಗೆಯ ವಿಡಿಯೋ ಮಾಡಿ, ಕೆಳಗೆ ಸಾಮಾನು ಆನ್‌ಲೈನಿನಲ್ಲಿ ಕೊಳ್ಳುವ ಲಿಂಕ್ ಹಾಕುತ್ತಿದ್ದಳು. ಬಂದವನು ಕಾಗವಾಡದ ಪಾರಿಸ, ದ್ರಾಕ್ಷಿ ತೋಟದವನು.

"ನಮ್ಮವ್ವ ನಿಮ್ಮ ಮಾತ ನಂಬಿ ತರಿಸಿದ್ಲು. ದಪ್ಪ ಅರಿವಿಗೆ ಸೂಜಿ ಮುರಿತೈತಿ. ಲಿಂಕಿಗೆ ಕಮಿಷನ್ ಸಿಗತೈತಂತಲ್ಲ ನಿಮಗ?"

ತೃಪ್ತಿಯ ಮುಖ ಕೆಂಪಾಯಿತು. "ಸಿಗತೈತಿ! ಅದನ್ನ ಕಂಪನಿ ಕೊಡತೈತಿ. ನಿಮಗೇನ ರೇಟ್ ಹೆಚ್ಚ ಬೀಳಂಗಿಲ್ಲ."

"ರೇಟ್ ಕೇಳಾಕ ಬಂದಿಲ್ರಿ. ಕಮಿಷನ್ ಐತಿ ಅಂತ ಮೊದಲ ಯಾಕ ಹೇಳಲಿಲ್ಲ?"

ಅವನು ಯಂತ್ರ ಅಲ್ಲೇ ಇಟ್ಟು ಹೊರಟುಹೋದ.

'ಎಷ್ಟು ಸೊಕ್ಕು ಇವನಿಗೆ!'

ಆದರೂ ದಪ್ಪ ಬಟ್ಟೆ ಹಾಕಿ ನೋಡಿದಳು. ಸೂಜಿ ಟಕ್ಕನೆ ಮುರಿಯಿತು. ತಾನು ರವಿಕೆ ಬಟ್ಟೆಯನ್ನಷ್ಟೇ ಹೊಲಿದು ಹೊಗಳಿದ್ದಕ್ಕೆ ನಾಚಿಕೆಯಾಯಿತು.

ಮರುದಿನ ಹೊಸ ವಿಡಿಯೋ ಹಾಕಿದಳು. "ಈ ಮಷಿನ್ ರವಿಕೆಗೆ ಸಾಕು, ದಪ್ಪ ಅರಿವಿಗೆ ಬ್ಯಾಡ. ನನ್ನ ಲಿಂಕಿನಿಂದ ತಗೊಂಡ್ರ ನನಗ ಕಮಿಷನ್ ಬರತೈತಿ. ಬ್ಯಾಡ ಅನ್ನಿಸಿದ್ರ ನೀವ ಹುಡುಕಿ ತಗೋರಿ."

ಆಮೇಲೆ ಯಂತ್ರ ಹೊತ್ತು, ಅವನ ಮನೆ ಕೇಳಿಕೊಂಡು ಕಾಗವಾಡಕ್ಕೆ ಹೋದಳು. ಪಾರಿಸನ ತಾಯಿ ಮಂಗಲಾ ಅವರ ಫೋನಿನಿಂದಲೇ ಅದನ್ನು ಕಂಪನಿಗೆ ವಾಪಸ್ ಹಾಕಿಸಿದಳು.

"ಹಂಗಾದ್ರ ನಿನ್ನ ಕಮಿಷನ್ ಏನಾಗತೈತಿ?" ಎಂದರು ಮಂಗಲಾ.

"ಸಾಮಾನ ವಾಪಸ್ ಆದ್ರ ಅದೂ ಹೋತ್ರಿ. ಹೋಗಲಿ ಬಿಡ್ರಿ."

ತೋಟದಿಂದ ಬಂದ ಪಾರಿಸ ಈ ಮಾತು ಕೇಳಿ ಹೊಸ್ತಿಲಲ್ಲೇ ನಿಂತುಬಿಟ್ಟ. ಮಂದಿಯ ಮುಂದೆ ಅಷ್ಟು ಜೋರು ಮಾಡಬಾರದಿತ್ತು... ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಅವನತ್ತ ನೋಡದೆ ಬಸ್ಸಿಗೆ ನಡೆದಿದ್ದಳು.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಪಾರಿಸ ಮತ್ತೆ ಶೇಡಬಾಳಕ್ಕೆ ಬಂದ.

"ಈಗೇನ ಕೆಟ್ಟೈತ್ರಿ?"

"ಏನೂ ಕೆಟ್ಟಿಲ್ರಿ. ಅವತ್ತ ನಾ ಮಾತಾಡಿದ್ದ ತಪ್ಪಾತು. ನಿಮ್ಮ ಲಿಂಕಿನಿಂದ ಕತ್ರಿ ತಗೊಂಡೆ. ದಾರ, ಟೇಪ್ ಎಲ್ಲಾ ತಗೊಂಡೆ."

"ನಿಮಗ ಹೊಲಿಯಾಕ ಬರತೈತಿ?"

"ಇಲ್ಲ..."

ತೃಪ್ತಿಗೆ ನಗು ತಡೆಯಲಾಗಲಿಲ್ಲ. "ಎಷ್ಟ ಮಾರಾಟ ಆತು ಅಂತಷ್ಟ ನನಗ ಕಾಣತೈತ್ರಿ. ಯಾರು ತಗೊಂಡ್ರು ಅಂತ ಹೆಂಗ ಗೊತ್ತಾಗಬೇಕು?"

"ನನ್ನ ಹೆಸರ ನಿಮಗ ಕಾಣತೈತಿ ಅಂದ್ಕೊಂಡಿದ್ದೆ, ಇಲ್ಲಂತ ಮೊನ್ನೆ ತಿಳಿತು. ಅದಕ್ಕ ಹೇಳಾಕ ನಾನ ಬಂದೇನಿ. ತೃಪ್ತಿ, ನೀವಂದ್ರ ನನಗ ಭಾಳ ಇಷ್ಟರಿ."

ಅವಳು ತಲೆ ತಗ್ಗಿಸಿ ಮೆಲ್ಲಗೆ ಕೇಳಿದಳು. "ನಿಮ್ಮ ಅವ್ವಾರಿಗೆ ಹೇಳೀರೇನು?"

"ಅಕಿನ ನನ್ನ ಇಲ್ಲಿ ಕಳಿಸಿದ್ಲು."

"ಹಂಗಾದ್ರ ಒಳಗ ಬರ್ರಿ. ನಮ್ಮಪ್ಪ ಮನ್ಯಾಗ ಅದಾರ... ಲಗ್ನದ ಮಾತು ಹೇಳಾಕ ನನಗ ನಾಚಿಕಿ ಬರತೈತಿ, ನೀವ ಕೇಳ್ರಿ."