ಇದು ಅವನ ಬಡಿತವಲ್ಲ

"ನೀವು ಹಾಗೆ ನೋಡ್ತಾ ಕೂತ್ರೆ ಎದೆ ಎಡವದೇ ಇರುತ್ತಾ, ಡಾಕ್ಟ್ರಮ್ಮ?"

ನಾನು ಡಾಕ್ಟರಲ್ಲ, ಓಟಗಾರರ ಎದೆಬಡಿತ ನೋಡುವ ಟೆಕ್ನಿಷಿಯನ್. ಹಾಗೆ ಕರೆಯುವ ಈ ಓಟಗಾರನಿಗೂ ಅದು ಗೊತ್ತು. ವೇಗ ಹೆಚ್ಚಿಸಿದಾಗಲೆಲ್ಲ ಅವನ ಬಡಿತ ಒಮ್ಮೆ ತಪ್ಪುತ್ತಿತ್ತು. ಆ ತಪ್ಪನ್ನು ನನ್ನ ಕಣ್ಣಿನ ಮೇಲೆ ಹೊರಿಸಿ ಹುಬ್ಬು ಹಾರಿಸುತ್ತಿದ್ದ. ನಾನು ಗಂಭೀರವಾಗಿ ಟ್ಯಾಬ್ ನೋಡುತ್ತಿದ್ದೆ. ಒಳಗೊಳಗೇ ಅವನ ಮಾತನ್ನು ನಂಬುವ ಆಸೆ ನನಗೆ, ಹುಚ್ಚಿ.

ಮೈದಾನದ ಡಾಕ್ಟರ್ ಮಾತ್ರ ನಕ್ಕಿರಲಿಲ್ಲ. "ಇನ್ನೊಂದು ಸಲ ಕಂಡ್ರೆ ಓಟ ಬಂದ್. ಜೀವದ ಪ್ರಶ್ನೆ ಇದು," ಎಂದಿದ್ದರು. ಭಾನುವಾರ ಅವನು ತಂಡಕ್ಕೆ ಆಯ್ಕೆಯಾಗಲು ಓಡಬೇಕಿತ್ತು.

ಈ ಬೆಳಿಗ್ಗೆ ಬಡಿತ ಅಳೆಯುವ ಅವನ ಎದೆಪಟ್ಟಿಯಿಂದ ಟ್ಯಾಬಿಗೆ ಬಂದ ಗೆರೆ ನೀಟಾಗಿತ್ತು. ಒಂದೂ ತಪ್ಪಿಲ್ಲ. ಸಮಾಧಾನವಾಗಬೇಕಿತ್ತು, ಆದರೆ ಗೆರೆಯನ್ನು ಹಿಂದಕ್ಕೆಳೆದು ಮತ್ತೆ ನೋಡಿದೆ. ಅವನ ಗೆರೆಯ ಏರಿಳಿತ ನನಗೆ ಅವನ ಮುಖದಷ್ಟೇ ಪರಿಚಯ. ಇದು ಬೇರೆ ಯಾರದೋ.

ತಲೆಯೆತ್ತಿದೆ. ಅವನು ತಿರುವಿನಲ್ಲಿ ಜೀವ ಬಿಟ್ಟು ಓಡುತ್ತಿದ್ದ. ಟ್ಯಾಬಿನಲ್ಲಿ ಬಡಿತ ನಿಧಾನಕ್ಕೆ ಇಳಿಯುತ್ತಿತ್ತು. ಇಷ್ಟೊತ್ತು ಅವನ ಜೊತೆ ಓಡಿದ್ದ ಗೆಳೆಯ ಮೈದಾನದ ಅಂಚಿನಲ್ಲಿ ಕೂತು ಲೇಸ್ ಕಟ್ಟಿಕೊಳ್ಳುತ್ತಿದ್ದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ನನ್ನನ್ನು ಕಂಡವನೇ ಬನಿಯನ್ ಎಳೆದು ಎದೆಯ ಪಟ್ಟಿ ಮುಚ್ಚಿಕೊಂಡ.

ಡಾಕ್ಟರಿಗೆ ಫೋನ್ ಮಾಡಿ, ಓಡಿ ಹೋಗಿ ಅವನ ದಾರಿಗೆ ಅಡ್ಡ ನಿಂತೆ.

"ಪಟ್ಟಿ ಎಲ್ಲಿ?"

ಏದುಸಿರಿನಲ್ಲೇ ನಕ್ಕ. ತುಟಿ ಬಿಳಚಿಕೊಂಡಿತ್ತು. "ಭಾನುವಾರ ಒಂದು ಕಳೀಲಿ, ಡಾಕ್ಟ್ರಮ್ಮ. ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ."

"ಕೇಳೋಕೆ ನೀನೇ ಇಲ್ದಿದ್ರೆ?" ಬಹುವಚನ ಎಲ್ಲಿ ಬಿದ್ದುಹೋಯಿತೋ ಗೊತ್ತಾಗಲಿಲ್ಲ.

ಅವನೆದೆಗೆ ಅಂಗೈ ಒತ್ತಿದೆ. ಒಂದು ಬಡಿತ, ಇನ್ನೊಂದು, ಆಮೇಲೆ ಏನೂ ಇಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದೆ. ಮತ್ತೆ ಒಂದು ಗುದ್ದು.

"ಡಾಕ್ಟರಿಗೆ ಹೇಳ್ಬಿಟ್ಟೆ. ನನ್ನ ಮೇಲೆ ಸಿಟ್ಟು ಬಂದ್ರೆ ಬರಲಿ. ನಂಗೆ ನೀನು ಬೇಕು."

ಈ ಸಲ ಅವನ ಹುಬ್ಬು ಹಾರಲಿಲ್ಲ. ಹುಲ್ಲಿನ ಮೇಲೆ ಕುಸಿದು ಕೂತು ಶೂ ಬಿಚ್ಚತೊಡಗಿದ.

"ಎರಡು ಸಲ ಕಣ್ಣು ಕತ್ತಲೆ ಬಂದಿತ್ತು," ಎಂದ ಮೆಲ್ಲಗೆ. "ನಿಂಗೊಬ್ಳಿಗೇ ಹೇಳ್ಬೇಕು ಅನ್ನಿಸ್ತು. ಹೇಳಿದ್ರೆ ನೀನು ಸುಮ್ನಿರ್ತಿರ್ಲಿಲ್ಲ."

"ಇರ್ತಿರ್ಲಿಲ್ಲ."

ಮೈದಾನದ ಗೇಟಿನಿಂದ ಡಾಕ್ಟರ್ ಓಡಿ ಬರುವುದು ಕಂಡಿತು. ಅಷ್ಟು ವಯಸ್ಸಾದವರು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಅವನು ನನ್ನ ಕೈ ಹಿಡಿದು ಮತ್ತೆ ತನ್ನ ಎದೆಯ ಮೇಲಿಟ್ಟುಕೊಂಡ.

"ಅವರು ಬರೋ ತನಕ ತೆಗೀಬೇಡ."

ತೆಗೆಯಲಿಲ್ಲ. ಪ್ರತಿ ಬಡಿತ ಆದ ಮೇಲೂ ಇನ್ನೊಂದಕ್ಕೆ ಕಾಯುತ್ತ ಕೂತೆ.