ಹೊಸ ಸಿಂಕಿನ ಬಿರುಕು

ಸಿಂಕು ಬಿರಿದಿತ್ತು. ಮುಂದಿನ ಅಂಚಿನಿಂದ ಹೊರಟ ಬಿರುಕು ತಳದ ತನಕ ಇಳಿದಿತ್ತು. ಬೆಳಿಗ್ಗೆಯಷ್ಟೇ ಕೂರಿಸಿದ ಬಿಳಿ ಪಿಂಗಾಣಿ ಸಿಂಕು!

ತಮಿಳು ಸೀಮೆಯ ಸಿಂಗಾನಲ್ಲೂರಿನ ಆ ಬೀದಿಗೆ ಸುದ್ದಿ ಮುಟ್ಟಿಸಲು ಬೆಳ್ಳಿಯಮ್ಮನಿಗೆ ಫೋನು ಬೇಕಾಗಲಿಲ್ಲ, ಅವರ ಗಂಟಲೇ ಸಾಕಾಯಿತು. "ಅಂಗಪ್ಪನ್ ನನ್ನ ಸಿಂಕು ಒಡೆದ್ಬಿಟ್ಟ! ಕೆಲಸ ತೆರಿಯದವನನ್ನ, ಏನೂ ಗೊತ್ತಿಲ್ಲದವನನ್ನ ಮನೆಗೆ ಸೇರಿಸ್ಬಿಟ್ಟೆ!"

ಪಕ್ಕದ ಮನೆಯಿಂದ ನಾದಿನಿ ಗೋಮತಿ ಬಂದಳು. ಮಿಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ತಲೆ ನರೆಸಿಕೊಂಡವಳು. ಅವಳು ಕೇಳಿದಷ್ಟು ಸುಳ್ಳುಗಳನ್ನು ಪೊಲೀಸರೂ ಕೇಳಿರಲಿಕ್ಕಿಲ್ಲ. ಇದು ಅವಳದೇ ಅಭಿಪ್ರಾಯ; ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬಟ್ಟೆ ಒಗೆಯುವ ಕೋಣೆಯ ಮೂಲೆಯಲ್ಲಿ ಪ್ಲಂಬರ್ ಅಂಗಪ್ಪನ್ ತಲೆ ತಗ್ಗಿಸಿ ನಿಂತಿದ್ದ. ಗೇಟಿನ ಹತ್ತಿರ ಎದುರುಮನೆಯ ಲಿಂಗಸಾಮಿ. ಅವರು ಕಟ್ಟಿಸುತ್ತಿದ್ದ ಮನೆಯ ಪೈಪಿನ ಕೆಲಸವೆಲ್ಲ ಅಂಗಪ್ಪನ್‌ಗೇ ಎಂದು ಮಾತಾಗಿತ್ತು. ಈಗ ಅವರು ಬೇರೆ ಯಾರಿಗೋ ಫೋನು ಹಚ್ಚುತ್ತಿದ್ದರು. ಇವತ್ತು ಹೆಸರು ಕೆಟ್ಟರೆ ಆ ಬೀದಿಯಲ್ಲಿ ಅಂಗಪ್ಪನ್‌ನನ್ನು ಯಾರೂ ಒಳಗೆ ಬಿಡುತ್ತಿರಲಿಲ್ಲ.

"ಅತ್ತಿಗೆ, ಯಾರು ಯಾರು ಇದ್ರು ಮನೇಲಿ?"

"ನಾನು ಒಂದು ಮದುವೆಗೆ ಹೋಗಿದ್ದೆ. ಸೊಸೆ ಕಾರ್ತಿಕಾ ಇದ್ಲು, ಮೇಲಿನ ಪೋರ್ಷನ್ ವಿಶ್ವಾಸ್ ಇದ್ದ. ಈ ಅಂಗಪ್ಪನ್ ಸಿಂಕಿಗೆ ಉಪ್ಪು ನೀರಿನ ಲೈನ್ ಕೊಟ್ಟು ಊಟಕ್ಕೆ ಹೋಗಿದ್ನಂತೆ. ಕಾಲೊರೆಸು, ಮಾಪು ಒಗೆಯೋಕೆ ಅದೇ ಪೋದುಂ, ಅಷ್ಟು ಸಾಕು ಅಂತ ನಾನೇ ಅಂದಿದ್ದೆ. ಬಂದು ನೋಡಿದ್ರೆ ಹಿಂಗೆ!"

ಗೋಮತಿ ಅಂಗಪ್ಪನ್ ಕಡೆ ತಿರುಗಿದಳು. "ನಟ್ಟು ಜಾಸ್ತಿ ಬಿಗಿ ಮಾಡಿದ್ಯಾ?"

"ಇಲ್ಲೀಂಗಕ್ಕಾ. ಊಟ ಮಾಡಿ ಬಂದಾಗ್ಲೇ ಹಿಂಗಿತ್ತು."

ಕಾರ್ತಿಕಾ ಮೊದಲಿನಿಂದಲೂ ಸ್ಟೀಲ್ ಸಿಂಕೇ ಬೇಕೆಂದು ಹಠ ಹಿಡಿದವಳು. ಗೋಮತಿಯ ನೋಟ ಅವಳ ಮೇಲೆ ನಿಂತಿತು.

"ನನ್ನನ್ಯಾಕೆ ನೋಡ್ತೀರಾ ಚಿಕ್ಕತ್ತೆ? ಇದನ್ನ ಒಡೆದ್ರೆ ಅತ್ತೆ ಸ್ಟೀಲ್ ತರ್ತಾರಾ? ಇಂಥದ್ದೇ ಇನ್ನೊಂದು ತರ್ತಾರೆ!"

ಮಾತು ಸರಿಯಾಗಿತ್ತು. ಬೆಳ್ಳಿಯಮ್ಮನನ್ನು ಬಲ್ಲವರಾರೂ ಅದನ್ನು ಅಲ್ಲಗಳೆಯಲಾರರು.

ಉಳಿದವನು ವಿಶ್ವಾಸ್. ದಾವಣಗೆರೆಯವನು, ಹೊಸದಾಗಿ ಬಂದ ಬಾಡಿಗೆದಾರ. ಆಗಷ್ಟೇ ಮಹಡಿಯಿಂದ ಇಳಿದು ಬಂದವನು, ಕೇಳುವ ಮೊದಲೇ ಹೇಳತೊಡಗಿದ.

"ಅಂಗಪ್ಪನ್ ಊಟಕ್ಕೆ ಹೋದಾಗ ನಾನು ಇಲ್ಲೇ ಮುಖ ತೊಳೆದೆ ಆಂಟಿ. ಆಗ ಸಿಂಕು ಚೆನ್ನಾಗಿತ್ತು. ಮುಖವೆಲ್ಲ ಸೋಪು, ಕಣ್ಣು ಬಿಡೋಕೇ ಆಗ್ಲಿಲ್ಲ. ಅಷ್ಟರಲ್ಲಿ ಅವರು ವಾಪಸ್ ಬಂದು ಏನೋ ಬಿಗಿ ಮಾಡಿದ್ರು. ಟಕ್ ಅಂತ ಶಬ್ದ ಬಂತು."

"ಯಾವ ಸೋಪು?"

"ಇದೇ — ನಲ್ಲಿ ಪಕ್ಕದ್ದು."

"ನೊರೆ ಚೆನ್ನಾಗಿ ಬಂತಾ?"

"ತುಂಬಾ! ಮೊಣಕೈ ತನಕ."

ಗೋಮತಿ ನಲ್ಲಿ ತಿರುಗಿಸಿದಳು. "ಎಲ್ಲಿ, ಇನ್ನೊಂದ್ಸಲ ತೊಳ್ಕೋ ಮಗಾ."

ವಿಶ್ವಾಸ್ ಸೋಪು ಉಜ್ಜಿದ. ಮತ್ತೆ ಉಜ್ಜಿದ. ನೊರೆ ಏಳಲಿಲ್ಲ. ಒಡೆದ ಹಾಲಿನ ಚೂರುಗಳಂಥದ್ದು ಅಂಗೈಗೆ ಅಂಟಿಕೊಂಡಿತು. ಅವನ ಮುಖ ಬಿಳಿಚಿತು.

"ಇದು ಬೋರಿನ ಉಪ್ಪು ನೀರು," ಎಂದಳು ಗೋಮತಿ. "ಇದರಲ್ಲಿ ಸೋಪು ನೊರೆ ಬರಲ್ಲ. ಈ ಊರಲ್ಲಿ ಬೆಳೆದ ಯಾವ ಮಗೂನೂ ಇಂಥ ಸುಳ್ಳು ಹೇಳಲ್ಲ. ಆದ್ರೆ ನಿನ್ನ ಮಹಡಿಗೆ ಬರೋದು ಒಳ್ಳೇ ನೀರೊಂದೇ. ಮನೆಗೆ ಎರಡು ನೀರು ಇದೆ ಅನ್ನೋದೇ ನಿನಗೆ ಗೊತ್ತಿರ್ಲಿಲ್ಲ. ನೀನು ಇಲ್ಲಿ ಮುಖ ತೊಳೀಲೇ ಇಲ್ಲ. ಹಾಗಾದ್ರೆ ಯಾಕೆ ಬಂದೆ?"

ವಿಶ್ವಾಸ್ ಅಂಗೈಯ ಚೂರುಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ನಾನೇ ಹೇಳ್ತೀನಿ. ನಟ್ಟು ಬಿಗಿಯಾಗಿ ಒಡೆದಿದ್ರೆ ಬಿರುಕು ನಲ್ಲಿಯ ತೂತಿನಿಂದ ಹೊರಡಬೇಕಿತ್ತು. ಇದು ಮುಂದಿನ ಅಂಚಿನಿಂದ ಹೊರಟಿದೆ. ಮೇಲಿನಿಂದ ಭಾರ ಬಿದ್ದಿದೆ. ತಲೆ ಎತ್ತಿ ನೋಡಿ — ಗಾಳಿಕಿಂಡಿಯಲ್ಲಿ ಮಹಡಿಗೆ ಹೋಗೋ ಹೊಸ ಇಂಟರ್ನೆಟ್ ಕೇಬಲ್! ಅದನ್ನ ತೂರಿಸೋಕೆ ಸಿಂಕಿನ ಮೇಲೆ ಹತ್ತಿ ನಿಂತವನು ನೀನೇ."

"ಹೌದು ಆಂಟಿ," ಎಂದ ವಿಶ್ವಾಸ್, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. "ಮನೆ ಬಿಡಿಸ್ತಾರೆ ಅಂತ ಹೆದರಿದೆ."

"ನಿನ್ನ ಮನೆ ಉಳಿಯೋಕೆ ಅವನ ಅನ್ನ ಕಿತ್ಕೋಬೇಕಿತ್ತಾ?" ಗೋಮತಿಗೆ ನಿಜವಾಗಿ ಸಿಟ್ಟು ಬಂದಿತ್ತು. ಆಮೇಲೆ ಅತ್ತಿಗೆಯ ಕಡೆ ನೋಡಿದಳು.

ಬೆಳ್ಳಿಯಮ್ಮ ಸೆರಗು ಸಿಕ್ಕಿಸಿಕೊಂಡು ಗೇಟಿಗೆ ನಡೆದರು. "ಲಿಂಗಸಾಮಿ! ಆ ಫೋನು ಇಡು! ಒಡೆದದ್ದು ಅಂಗಪ್ಪನ್ ಅಲ್ಲ. ನಾನೇ ಅವಸರಪಟ್ಟು ಬಾಯಿಗೆ ಬಂದಂಗೆ ಬೈದೆ. ತಪ್ಪು ನನ್ನದು!" ಬೀದಿಯ ಆ ತುದಿಯ ಮನೆಯವರೂ ಹೊರಗೆ ಬಂದು ನೋಡಿದರು.

ಲಿಂಗಸಾಮಿ ಫೋನು ಜೇಬಿಗಿಳಿಸಿದರು. "ಅಂಗಪ್ಪಾ, ನಾಳೆ ನಮ್ಮನೆಗೆ ಬಂದ್ಬಿಡು."

"ಬರ್ತೀನುಂಗ," ಎಂದ ಅಂಗಪ್ಪನ್. ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಬಿರಿದ ಸಿಂಕನ್ನು ಬಿಚ್ಚಲು ಕೂತ.